ನೆಗಡಿಯಲ್ಲಿ ಕೊಟ್ಟ ಲಿಟ್ಮಸ್ ಸಂಥೆ

ನನ್ನ ಜಾಗಕ್ಕೆ ಬಂದಿರುವ ಹೊಸ ವಿಜ್ಞಾನದ ಟೀಚರ್ ಕಳೆದ ತಿಂಗಳು ಫೋನ್ ಮಾಡಿದ್ದಳು. ಕೆಲಸಕ್ಕೆ ಸೇರಿ ಇನ್ನೂ ಹದಿನೈದು ದಿನ. "ಮೇಡಂ, ಇಲ್ಲಿಯ ಮಕ್ಕಳು ಎಷ್ಟು ಒಳ್ಳೆಯವರು ಅಂದ್ರೆ, ನಾನು ಏನು ಹೇಳಿದ್ರೂ ಹಾಗೇ ಒಪ್ಕೊಳ್ತಾರೆ. ಒಂದೇ ಒಂದು ತಕರಾರಿಲ್ಲ" ಎಂದು ಹಿಗ್ಗಿದಳು. ನಿವೃತ್ತರಿಗೆ ತಕ್ಕ ಹಾಗೆ ನಾನು ಮಧ್ಯಾಹ್ನದ ನಿದ್ದೆಗೆ ಜಾರುತ್ತಿದ್ದೆ. ತಟ್ಟನೆ ಎದ್ದು ಕುಳಿತೆ. ಇಪ್ಪತ್ತೊಂಬತ್ತು ವರ್ಷ ಅದೇ ಶಾಲೆಯಲ್ಲಿ ಪಾಠ ಮಾಡಿದವಳಿಗೆ ಆ ಒಳ್ಳೆಯತನದ ಪರಿಚಯ ಚೆನ್ನಾಗಿಯೇ ಇದೆ. ಅದು ನನ್ನನ್ನು ಒಮ್ಮೆ ಎಲ್ಲಿಗೆ ತಂದು ನಿಲ್ಲಿಸಿತೆಂದು ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ, ಬರೆದು ಕಳಿಸುತ್ತೇನೆ ಎಂದೆ. ಬಡ್ತಿ, ಸನ್ಮಾನ, ಶಾಲು, ಹಾರಗಳ ವಿಷಯ ಇದರಲ್ಲಿ ಇಲ್ಲ. ಅವು ಬಂದದ್ದೂ ಕಡಿಮೆ.

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ಕಾಫಿ ತೋಟಗಳ ನಡುವೆ ನಮ್ಮ ಶಾಲೆ. ಟ್ರಸ್ಟಿನ ಪ್ರೌಢಶಾಲೆಯಾದರೂ ನಡೆಯುತ್ತಿದ್ದದ್ದು ಹಳೆಯ ಪಾಠಶಾಲೆಯ ಕ್ರಮದಲ್ಲಿ. ಬೆಳಗ್ಗೆ ಸಂಸ್ಕೃತ, ವ್ಯಾಕರಣ, ತರ್ಕ. ಮಧ್ಯಾಹ್ನ ಊಟವಾದ ಮೇಲೆ ಸರ್ಕಾರದ ಪಠ್ಯಪುಸ್ತಕ. ಅಂದರೆ ಮಕ್ಕಳ ತಲೆ ಚುರುಕಾಗಿರುವಾಗ ತರ್ಕ, ಹೊಟ್ಟೆ ತುಂಬಿ ಕಣ್ಣು ಎಳೆಯುವಾಗ ವಿಜ್ಞಾನ. ಮಕ್ಕಳು ಚಾಪೆಯ ಮೇಲೆ ಕೂರುತ್ತಿದ್ದರು, ನನಗೊಂದು ಮಣೆ. ಪ್ರಯೋಗಾಲಯ ಎಂದರೆ ಮೂಲೆಯ ಒಂದು ಕಬ್ಬಿಣದ ಬೀರು. ಅದರ ಕೀಲಿಕೈ ಗುಮಾಸ್ತರ ಸೊಂಟದಲ್ಲಿ ಇರುತ್ತಿತ್ತು. ಗುಮಾಸ್ತರು ಬೇಕಾದಾಗ ಮಾತ್ರ ಇರುತ್ತಿರಲಿಲ್ಲ.

ಸೇರಿದ ದಿನವೇ ನಾನು "ಮಾತಾಜಿ" ಆದೆ. ಅಲ್ಲಿ ಹೆಂಗಸರನ್ನೆಲ್ಲ ಹಾಗೇ ಕರೆಯುವುದು. ನನಗೆ ಆಗ ಇಪ್ಪತ್ತೇಳು, ಮದುವೆಯೂ ಆಗಿರಲಿಲ್ಲ. ಹೆಣ್ಣು ನೋಡಲು ಬಂದವರೊಬ್ಬರು ಶಾಲೆಯ ಬಾಗಿಲಲ್ಲಿ ನನ್ನ ಹೆಸರು ಹೇಳಿ ವಿಚಾರಿಸಿದಾಗ ಒಬ್ಬ ಹುಡುಗ "ಓ, ಮಾತಾಜಿಯವರಾ" ಎಂದನಂತೆ. ಅವರು ಅಲ್ಲಿಂದಲೇ ವಾಪಸಾದರು. ಆ ಸಂಬಂಧ ತಪ್ಪಿದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ, ಆದರೆ ಆ ಹುಡುಗನ ಹೆಸರು ಮರೆತಿಲ್ಲ.

ಶಾಲೆಯ ಮುಖ್ಯಸ್ಥರು ತರ್ಕದ ವಿದ್ವಾಂಸರು. ಎಲ್ಲರೂ ಅವರನ್ನು ಆಚಾರ್ಯರು ಎನ್ನುತ್ತಿದ್ದರು. ತೆಳ್ಳಗೆ, ಬೆಳ್ಳಗೆ, ಬಹಳ ಮೆದು ಮಾತು. ಆದರೆ ಅವರ ಎದುರು "ಇವತ್ತು ಸೆಖೆ ಜಾಸ್ತಿ" ಎಂದರೂ "ಯಾವುದಕ್ಕಿಂತ?" ಎಂದು ಕೇಳುತ್ತಿದ್ದರು. ಸ್ಟಾಫ್ ಮೀಟಿಂಗಿನಲ್ಲಿ ನಾವೆಲ್ಲ ಸುಮ್ಮನಿರಲು ಇದೇ ಕಾರಣ.

ಇನ್ನು ಸಂಥೆಯ ವಿಷಯ. ಗುರು ಒಂದು ಸಾಲು ಹೇಳಬೇಕು, ಮಕ್ಕಳು ಅದನ್ನು ಒಕ್ಕೊರಲಿನಿಂದ ಎರಡು ಸಲ ಹೇಳಬೇಕು. ಇದಕ್ಕೆ ಸಂಥೆ ಕೊಡುವುದು ಎನ್ನುತ್ತಾರೆ. ಬೆಳಗಿನಿಂದ ಹೀಗೇ ಕಲಿತ ಮಕ್ಕಳು ಮಧ್ಯಾಹ್ನ ನನ್ನ ಮುಂದೆ ಕುಳಿತಾಗ ಬೇರೆ ರೀತಿ ಕಲಿಯುವುದಾದರೂ ಹೇಗೆ? ಮೊದಲ ವಾರ ನಾನು "ಕಾಂತಕ್ಕೆ ಎರಡು ಧ್ರುವಗಳು" ಎಂದೆ. ಇಡೀ ತರಗತಿ ಎರಡು ಸಲ "ಕಾಂತಕ್ಕೆ ಎರಡು ಧ್ರುವಗಳು" ಎಂದಿತು. "ಅಯ್ಯೋ, ಹೇಳಬೇಡಿ, ಕೇಳಿ" ಎಂದೆ. "ಅಯ್ಯೋ, ಹೇಳಬೇಡಿ, ಕೇಳಿ" ಎಂದು ಎರಡು ಸಲ ಹೇಳಿದರು. ನನಗೆ ಮೂಗಿನ ತುದಿಯಲ್ಲೇ ಕೋಪ. "ಬಾಯಿ ಮುಚ್ಚಿ!" ಎಂದು ಕಿರುಚಿದೆ. ಮುಂದಿನದ್ದನ್ನು ನೀವೇ ಊಹಿಸಿಕೊಳ್ಳಿ.

ಆದರೆ ಆ ಕ್ರಮದ ರುಚಿ ನನಗೆ ಹತ್ತಿಸಿದ್ದು ತಪಾಸಣೆಗೆ ಬಂದ ಒಬ್ಬ ಸಾಹೇಬರು. ಸಂಸ್ಕೃತ ಶಾಲೆಯಲ್ಲಿ ಎಂಥ ವಿಜ್ಞಾನ ಎಂಬ ಅನುಮಾನದಿಂದಲೇ ಬಂದಿದ್ದರು. "ಚಲನೆಯ ಮೂರನೇ ನಿಯಮ ಯಾರು ಹೇಳ್ತೀರಿ?" ಎಂದರು. ಯಾರೂ ಉಸಿರೆತ್ತಲಿಲ್ಲ. ಆಮೇಲೆ ನೆನಪಾಯಿತು, ಈ ಮಕ್ಕಳಿಗೆ ನಡುವಿನಿಂದ ಶುರು ಮಾಡಿ ಅಭ್ಯಾಸವಿಲ್ಲ. "ಮೊದಲಿಂದ ಹೇಳಿ" ಎಂದೆ. ಹೇಳಿದರು. ಪಾಠದ ಹೆಸರಿನಿಂದ ಹೊರಟು, ಮೂರು ನಿಯಮ ದಾಟಿ, ಉದಾಹರಣೆಗಳನ್ನು ದಾಟಿ, ಅಭ್ಯಾಸದ ಪ್ರಶ್ನೆಗಳನ್ನೂ ಹೇಳಿ ಮುಗಿಸಿದರು. ಸಾಹೇಬರು ನಡುವೆ ಎರಡು ಸಲ ಕೈ ಎತ್ತಿ ನಿಲ್ಲಿಸಲು ನೋಡಿದರು. ಸಾಧ್ಯವಾಗಲಿಲ್ಲ. ಕೊನೆಗೆ ನೀರು ಕುಡಿದು, ಪುಸ್ತಕದಲ್ಲಿ "ಅತ್ಯುತ್ತಮ" ಎಂದು ಬರೆದು ಜೀಪು ಹತ್ತಿದರು.

ಅಲ್ಲಿಂದ ನಾನು ಕೆಟ್ಟೆ. ನೇರವಾಗಿಯೇ ಹೇಳುತ್ತೇನೆ. ಗುಮಾಸ್ತರನ್ನು ಹುಡುಕಿ, ಬೀರು ತೆಗೆಸಿ, ಬೀಕರು ತೊಳೆದು, ಕೈ ಸುಟ್ಟುಕೊಂಡು ಪ್ರಯೋಗ ತೋರಿಸುವುದು ಯಾತಕ್ಕೆ? ಸಂಥೆ ಕೊಟ್ಟರೆ ಮುಗಿಯಿತು. ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಮಕ್ಕಳು ಅಲ್ಪವಿರಾಮ ಕೂಡ ಬಿಡದೆ ಬರೆದು ಬರುತ್ತಿದ್ದರು. ಊರಿನವರು ನನ್ನನ್ನು ಬಹಳ ಒಳ್ಳೆಯ ಟೀಚರ್ ಎನ್ನುತ್ತಿದ್ದರು, ನಾನೂ ಹೌದೆಂದು ನಂಬಿದ್ದೆ.

ಹೀಗೆ ಬಹಳ ವರ್ಷ ನಡೆದ ಮೇಲೆ ಒಂದು ಜುಲೈ ತಿಂಗಳು ಬಂತು. ಒಂಬತ್ತನೇ ತರಗತಿಗೆ ಆಮ್ಲ, ಪ್ರತ್ಯಾಮ್ಲದ ಪಾಠ. ಬೀರು ತೆಗೆಸಿ ನೋಡಿದರೆ ಲಿಟ್ಮಸ್ ಕಾಗದದ ಪುಟ್ಟ ಪುಸ್ತಕಗಳೆಲ್ಲ ಥಂಡಿಗೆ ಅಂಟಿಕೊಂಡು ಒಂದೇ ಮುದ್ದೆಯಾಗಿದ್ದವು. ಕೆಂಪು ಯಾವುದು, ನೀಲಿ ಯಾವುದು ಗೊತ್ತಾಗುವಂತಿರಲಿಲ್ಲ. ನನಗೂ ನಾಲ್ಕು ದಿನದಿಂದ ನೆಗಡಿ, ತಲೆ ಭಾರ. ರಜೆ ಹಾಕಬೇಕಿತ್ತು. ಹಾಕದೆ ಹೋಗಿ ಮಣೆಯ ಮೇಲೆ ಕುಳಿತು ಸಂಥೆ ಕೊಟ್ಟು ಬಂದೆ. ಏನು ಕೊಟ್ಟೆ ಎಂದು ಆವತ್ತು ನನಗೆ ಗೊತ್ತಾಗಲೇ ಇಲ್ಲ.

ನವೆಂಬರಿನಲ್ಲಿ ಹೊಸ ಲಿಟ್ಮಸ್ ಬಂತು. ದೀಪಾವಳಿ ರಜೆಯ ಹಿಂದಿನ ದಿನ ಪವಿತ್ರ ಎಂಬ ಹುಡುಗಿ ನನ್ನ ಹತ್ತಿರ ಬಂದಳು. ಎರಡೂವರೆ ಎಕರೆ ಕಾಫಿ ತೋಟ ಇರುವ ಲಕ್ಷ್ಮಣಗೌಡರ ಮಗಳು. ತರಗತಿಯಲ್ಲಿ ಅವಳಷ್ಟು ಸ್ಪಷ್ಟವಾಗಿ ಸಂಥೆ ಹೇಳುವವರು ಇರಲಿಲ್ಲ. "ಮಾತಾಜಿ, ಒಂದೆರಡು ಕಾಗದ ಮನೆಗೆ ತಗೊಂಡು ಹೋಗ್ಲಾ? ತೋಟದ ಮಣ್ಣು ನೋಡ್ಬೇಕಿತ್ತು" ಎಂದಳು. ನನಗೆ ಖುಷಿಯಾಯಿತು. ನಾನಾಗಿ ಮಾಡದ ಪ್ರಯೋಗವನ್ನು ಮಗು ತಾನಾಗಿ ಮಾಡುತ್ತಿದೆ, ಮಾಡಲಿ ಎಂದು ಕೆಂಪು, ನೀಲಿ ಒಂದೊಂದು ಪುಸ್ತಕವನ್ನೇ ಕೊಟ್ಟೆ.

ರಜೆ ಮುಗಿದ ಮೇಲೆ ನಾನು ಒಂಬತ್ತನೇ ತರಗತಿಗೆ ಒಂದು ನಿಂಬೆಹಣ್ಣು ಹಿಡಿದುಕೊಂಡು ಹೋದೆ. ಹುಡುಗಿಯ ಉತ್ಸಾಹ ನೋಡಿ ನನಗೂ ಸ್ವಲ್ಪ ಹುರುಪು ಬಂದಿತ್ತು. ನಿಂಬೆರಸಕ್ಕೆ ನೀಲಿ ಕಾಗದ ಅದ್ದಿದೆ, ಕೆಂಪಾಯಿತು. "ನೋಡಿದಿರಾ? ಹಾಗಾದರೆ ನಿಂಬೆ ಏನು?" ಎಂದೆ.

"ಪ್ರತ್ಯಾಮ್ಲ" ಎಂದಿತು ತರಗತಿ. ಎರಡು ಸಲ.

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಆ ಶಾಲೆಯಲ್ಲಿ ಯಾರೂ ತಮಾಷೆ ಮಾಡುತ್ತಿರಲಿಲ್ಲ. ಪುಸ್ತಕ ತೆಗೆಸಿ ನೋಡಿದೆ. ಒಬ್ಬೊಬ್ಬರ ಪಠ್ಯಪುಸ್ತಕದಲ್ಲೂ ಲಿಟ್ಮಸ್ಸಿನ ಸಾಲುಗಳನ್ನು ಪೆನ್ನಿನಿಂದ ಹೊಡೆದು, ಕೆಂಪು ಇದ್ದಲ್ಲಿ ನೀಲಿ, ನೀಲಿ ಇದ್ದಲ್ಲಿ ಕೆಂಪು ಎಂದು ನೀಟಾಗಿ ತಿದ್ದಿದ್ದರು.

"ಯಾರ್ರೀ ಇದನ್ನ ತಿದ್ದಿದ್ದು?"

"ನಾವೇ ಮಾತಾಜಿ" ಎಂದ ಶ್ರೀಹರಿ. ಇವನು ತರ್ಕದಲ್ಲಿ ಎಲ್ಲರಿಗಿಂತ ಮುಂದು, ಪುರೋಹಿತರ ಮಗ. "ಅಚ್ಚಿನಲ್ಲಿ ತಪ್ಪಾಗಿತ್ತು. ನೀವು ಕೊಟ್ಟ ಸಂಥೆ ನೋಡಿ ಸರಿ ಮಾಡ್ಕೊಂಡ್ವಿ."

"ನಾನು ಹಾಗೆ ಕೊಟ್ಟಿಲ್ಲ!"

ಶ್ರೀಹರಿ ವಿನಯದಿಂದ ಹಿಂದೆ ತಿರುಗಿ ಕಣ್ಣಲ್ಲೇ ಸನ್ನೆ ಮಾಡಿದ. ಇಡೀ ತರಗತಿ ಕಣ್ಣು ಮುಚ್ಚಿ ಹೇಳತೊಡಗಿತು. "ಆಮ್ಲವು ಕೆಂಪು ಲಿಟ್ಮಸ್ಸನ್ನು... ಆಕ್ಷೀ... ನೀಲಿ ಮಾಡುತ್ತದೆ." ಮೂಗು ಕಟ್ಟಿದ ದನಿ, ನಡುವೆ ಸೀನು, ಸೀನಾದ ಮೇಲೆ ನಾನು ಸೆರಗಿನಿಂದ ಮೂಗು ಒರೆಸಿಕೊಂಡಷ್ಟು ಹೊತ್ತಿನ ಬಿಡುವು, ಎಲ್ಲವೂ ಯಥಾವತ್ತು ಇತ್ತು. ಸಂಥೆ ನನ್ನದೇ. ಏಳನೇ ತರಗತಿಯಲ್ಲಿ ಇದನ್ನೇ ಸರಿಯಾಗಿ ಓದಿ ಬಂದವರೂ ಅಲ್ಲಿದ್ದರು. ಆದರೆ ಅದು ಬರೀ ಓದಿದ್ದು, ಇದು ಸಂಥೆ.

ನಗು ಬರುವ ಹೊತ್ತಿಗೆ ಪವಿತ್ರಳ ಮುಖ ನೋಡಿದೆ. ಬಿಳುಚಿಕೊಂಡಿತ್ತು. ತರಗತಿ ಮುಗಿದ ಮೇಲೆ ಬಂದು ಕಂಬ ಹಿಡಿದು ನಿಂತಳು. "ಮಾತಾಜಿ, ನಮ್ಮ ಮಣ್ಣಲ್ಲಿ ನೀಲಿ ಕಾಗದ ಕೆಂಪಾಯ್ತು. ಪ್ರತ್ಯಾಮ್ಲ ಅಂದ್ಕೊಂಡೆ. ಸುಣ್ಣನೂ ಪ್ರತ್ಯಾಮ್ಲ, ಅದಕ್ಕೇ ಸುಣ್ಣ ಹಾಕ್ಬೇಡಿ ಅಂತ ಅಪ್ಪಯ್ಯನಿಗೆ ಹೇಳ್ಬಿಟ್ಟೆ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಳೆ ಹೆಚ್ಚಾದ ಕಡೆ ಮಣ್ಣು ಹುಳಿಯಾಗುತ್ತದೆ, ಕಾಫಿ ಗಿಡದ ಎಲೆ ಹಳದಿಯಾಗುತ್ತದೆ. ಅದಕ್ಕೇ ಮಳೆಗಾಲ ಕಳೆದ ಮೇಲೆ, ಮಣ್ಣಿನಲ್ಲಿ ತೇವ ಇರುವಾಗಲೇ ನಮ್ಮವರು ತೋಟಕ್ಕೆ ಸುಣ್ಣ ಹಾಕುವುದು. ಲಕ್ಷ್ಮಣಗೌಡರೂ ಸುಣ್ಣದ ಮೂಟೆ ತಂದು ಇಟ್ಟುಕೊಂಡಿದ್ದರು. ಮಗಳು ಬೇಡ ಎಂದದ್ದಕ್ಕೆ ನಿಲ್ಲಿಸಿದ್ದರು. ಅಷ್ಟೇ ಅಲ್ಲ, ಪಕ್ಕದ ತೋಟದ ಸುರೇಶನಿಗೂ ಹೇಳಿ ನಿಲ್ಲಿಸಿದ್ದರು.

"ಮನೇಲಿ ನನ್ನ ಮಾತು ಯಾರೂ ಕೇಳ್ತಿರ್ಲಿಲ್ಲ ಮಾತಾಜಿ. ಇದೊಂದು ಕೇಳಿದ್ರು" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಸುಣ್ಣವನ್ನು ಇನ್ನೂ ಹಾಕಬಹುದಿತ್ತು, ತಡವಾಗಿರಲಿಲ್ಲ. ಆದರೆ ಈ ಮಗುವಿನ ಮಾತಿಗೆ ಆ ಮನೆಯಲ್ಲಿ ಮೊದಲ ಸಲ ಸಿಕ್ಕಿದ್ದ ಬೆಲೆಯನ್ನು ನನ್ನ ನೆಗಡಿ ತೆಗೆದುಹಾಕುವುದರಲ್ಲಿತ್ತು. ನನಗೆ ಬಹಳ ನಾಚಿಕೆಯಾಯಿತು.

ಆಚಾರ್ಯರ ಹತ್ತಿರ ಹೋಗಿ ಎಲ್ಲ ಹೇಳಿದೆ. ಸದ್ದಿಲ್ಲದೆ ಹೊಸ ಸಂಥೆ ಕೊಟ್ಟು ಮುಗಿಸಿಬಿಡುತ್ತೇನೆ ಎಂದೆ.

"ಹಾಗೆ ಆಗುವುದಿಲ್ಲ ಮಾತಾಜಿ. ನಾಳೆ ಶನಿವಾರ, ಸಭೆಯಲ್ಲಿ ಹೇಳಿ. ಮಕ್ಕಳು ಆಕ್ಷೇಪ ಮಾಡಲಿ, ನೀವು ಸಮಾಧಾನ ಹೇಳಿ."

ಶನಿವಾರದ ಸಭೆ ಎಂದರೆ ವಾದದ ಸಭೆ. ಒಬ್ಬರು ಒಂದು ಮಾತು ಸ್ಥಾಪಿಸಬೇಕು, ಉಳಿದವರು ಅದನ್ನು ಕೆಡವಲು ನೋಡಬೇಕು. ಆಚಾರ್ಯರು ತೀರ್ಪು ಕೊಡುವವರು. ತಪ್ಪು ಒಪ್ಪಿಕೊಳ್ಳಲು ಹೋಗುವವಳಿಗೆ ಎಂಥ ಆಕ್ಷೇಪ ಬರುತ್ತದೆ ಎಂದು ಧೈರ್ಯವಾಗಿಯೇ ಹೋದೆ.

"ಜುಲೈನಲ್ಲಿ ನಾನು ಹೇಳಿದ್ದು ತಪ್ಪು" ಎಂದೆ.

ಶ್ರೀಹರಿ ಎದ್ದ. "ಮಾತಾಜಿ, ಆವತ್ತು ನೀವು ಶಾಂತವಾಗಿದ್ರಿ. ಇವತ್ತು ಗಾಬರಿಯಲ್ಲಿದ್ದೀರಿ. ಶಾಂತವಾಗಿದ್ದಾಗ ಹೇಳಿದ್ದನ್ನ ಬಿಟ್ಟು ಗಾಬರಿಯಲ್ಲಿ ಹೇಳಿದ್ದನ್ನ ಯಾಕೆ ತಗೋಬೇಕು?"

"ಆವತ್ತು ನನಗೆ ನೆಗಡಿ ಆಗಿತ್ತು ಕಣೋ!"

"ನೆಗಡಿ ಮೂಗಿಗೆ ಮಾತಾಜಿ, ಬುದ್ಧಿಗೆ ಅಲ್ಲ."

"ನಿನ್ನೆ ಕಾಗದ ಕೆಂಪಾಗಿದ್ದು ಕಣ್ಣಿಗೆ ಕಾಣಲಿಲ್ವಾ?"

"ಕೆಂಪಾಗಿದ್ದು ನಮಗೂ ಒಪ್ಪಿಗೆ. ಅದರಿಂದ ನಿಂಬೆ ಪ್ರತ್ಯಾಮ್ಲ ಅಂತಲೇ ಸಿದ್ಧ ಆಯ್ತು."

ನನ್ನ ಪರವಾಗಿಯೇ ನನ್ನನ್ನು ಸೋಲಿಸುತ್ತಿದ್ದ ಆ ಹುಡುಗನನ್ನು ಏನು ಮಾಡಬೇಕೋ ತಿಳಿಯಲಿಲ್ಲ. "ನಾನು ಹೇಳ್ತಿದ್ದೀನಲ್ಲ, ಅದು ತಪ್ಪು ಅಂತ! ಮುಗೀತು!" ಎಂದು ಕೂಗಿದೆ.

ಆಚಾರ್ಯರು ಕೈ ಎತ್ತಿದರು. "ಮಾತಾಜಿ ಸೋತರು" ಎಂದರು. ಅದೇ ಮೆದು ದನಿ. "'ನಾನು ಹೇಳ್ತಿದ್ದೀನಿ' ಎನ್ನುವುದು ಕಾರಣವಲ್ಲ. ಜುಲೈನಲ್ಲಿ ನೀವು ಕೊಟ್ಟದ್ದೂ ಅದೇ ಒಂದು ಕಾರಣ, ಇವತ್ತು ಕೊಡುವುದೂ ಅದೇ. ಎರಡಕ್ಕೂ ತೂಕ ಒಂದೇ. ಹಾಗಿರುವಾಗ ಈ ಮಕ್ಕಳು ಯಾವುದನ್ನು ಬಿಡಬೇಕು?"

ಇಪ್ಪತ್ತೊಂಬತ್ತು ವರ್ಷದಲ್ಲಿ ಯಾವ ತರಬೇತಿ ಶಿಬಿರದಲ್ಲೂ ನನಗೆ ಯಾರೂ ಇಷ್ಟು ನೇರವಾಗಿ ಹೇಳಿರಲಿಲ್ಲ. ಒಂದೂ ಲಿಟ್ಮಸ್ ನೋಡಿರದ ಸಂಸ್ಕೃತ ಪಂಡಿತರ ಬಾಯಿಂದ ಅದನ್ನು ಕೇಳಬೇಕಾಯಿತಲ್ಲ ಎಂದು ಉರಿಯಿತು. ಜೊತೆಗೆ ಅವರು ಹೇಳಿದ್ದು ಅಕ್ಷರಶಃ ಸರಿ ಎಂದೂ ಗೊತ್ತಿತ್ತು.

ಆಗ ಹುಡುಗಿಯರ ಸಾಲಿನಿಂದ ಪವಿತ್ರ ಎದ್ದಳು. "ನಾನು ಒಂದು ಕೇಳ್ಬಹುದಾ? ಆಮ್ಲ ಅಡುಗೆ ಸೋಡಾ ಜೊತೆ ಸೇರಿದ್ರೆ ನೊರೆ ಬರುತ್ತೆ ಅಂತ್ಲೂ ಸಂಥೆ ಇದೆ. ಅದು ಎಲ್ರಿಗೂ ಒಪ್ಪಿಗೆನಾ?" ಶ್ರೀಹರಿ ಒಪ್ಪಿಗೆ ಎಂದ. ಅವಳು ಅಡುಗೆಮನೆಗೆ ಓಡಿ ಸೋಡಾಪುಡಿ, ನಿಂಬೆಹಣ್ಣು, ಒಂದು ಲೋಟ ತಂದಳು. ಹಿಂಡಿದಳು. ನೊರೆ ಲೋಟದ ಬಾಯಿ ದಾಟಿ ಆಚಾರ್ಯರ ಮಣೆಯವರೆಗೆ ಬಂತು. ಆಚಾರ್ಯರು ಪಂಚೆ ಎತ್ತಿಕೊಂಡು ಹಿಂದೆ ಸರಿದರು. ಶ್ರೀಹರಿ, "ನೊರೆಯ ಸಂಥೆ ಪ್ರಕಾರ ನಿಂಬೆ ಆಮ್ಲ, ಲಿಟ್ಮಸ್ಸಿನ ಸಂಥೆ ಪ್ರಕಾರ ಪ್ರತ್ಯಾಮ್ಲ. ಹಾಗಾದ್ರೆ ಎರಡರಲ್ಲಿ ಒಂದು ಹೋಗ್ಬೇಕು" ಎಂದ. ಅಚ್ಚಿಗೂ ಒಪ್ಪದ ಲಿಟ್ಮಸ್ಸಿನದು ಹೋಯಿತು. ಪೆನ್ನು ತೆಗೆದು ಎಲ್ಲರೂ ಪುಸ್ತಕವನ್ನು ಮತ್ತೆ ತಿದ್ದಿಕೊಂಡರು.

ಮಧ್ಯಾಹ್ನದ ಬಸ್ಸಿನಲ್ಲಿ ನಾನು ಪವಿತ್ರಳ ಜೊತೆ ಅವಳ ಮನೆಗೆ ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಉರು ಹೊಡೆದೆ. ಲಕ್ಷ್ಮಣಗೌಡರು ಕಣದಲ್ಲಿ ಕೊಯ್ದ ಕಾಫಿ ಹಣ್ಣು ಹರಡುತ್ತಿದ್ದರು. ನನ್ನನ್ನು ನೋಡಿ ಗಾಬರಿಯಾಗಿ, "ಎಂತ ಮಾಡಿದ್ಲು ಟೀಚರೇ?" ಎಂದರು.

"ಅವಳು ಏನೂ ಮಾಡಿಲ್ಲ ಗೌಡ್ರೇ, ತಪ್ಪು ನಂದು. ನಾನು ಉಲ್ಟಾ ಹೇಳಿಕೊಟ್ಟಿದ್ದೆ. ಮಗು ನಾನು ಕಲಿಸಿದ ಹಾಗೇ ನೋಡಿದೆ. ನಿಮ್ಮ ಮಣ್ಣು ಹುಳಿಯೇ, ಸುಣ್ಣ ಹಾಕಬೇಕು."

ಅವರು ಕೈಯಲ್ಲಿದ್ದ, ಹಣ್ಣು ಕೆದರುವ ಹಲುಬೆಯನ್ನು ಗೋಡೆಗೆ ಒರಗಿಸಿದರು. ಬೈಯಲಿಲ್ಲ. "ಅಲ್ಲ ಟೀಚರೇ, ನಮ್ಮಪ್ಪ ಹಾಕ್ತಿದ್ರು ಅಂತ ನಾನೂ ಹಾಕ್ತಿದ್ದೆ. ಓದೋ ಹುಡುಗಿ ಹೇಳ್ತಾಳೆ ಅಂತ ಈ ವರ್ಷ ನಿಲ್ಸಿದೆ. ಸುರೇಶನಿಗೂ ನಾನೇ ದೊಡ್ಡದಾಗಿ ಹೇಳ್ಕೊಂಡು ಬಂದೆ. ಈಗ ನೀವು ಬಂದು ಉಲ್ಟಾ ಅಂತೀರಿ. ನಾಳೆ ಇನ್ನೊಬ್ರು ಬಂದು ಅದೂ ಉಲ್ಟಾ ಅಂತಾರೆ. ಸಾಕು ಬಿಡಿ. ನಿಮ್ಮ ಮಾತೂ ಬೇಡ, ಇವಳ ಮಾತೂ ಬೇಡ. ಇನ್ಮೇಲೆ ತೋಟದ ವಿಷ್ಯದಲ್ಲಿ ಇವಳು ಬಾಯಿ ಹಾಕೋದು ಬೇಡ."

ದಯವಿಟ್ಟು ನಂಬಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪವಿತ್ರ ಒಳಗೆ ಹೋಗಿ ಉಳಿದ ಲಿಟ್ಮಸ್ ಕಾಗದದ ಜೊತೆ ಮೂರು ಲೋಟ ತಂದು ಜಗಲಿಯ ಮೇಲೆ ಸಾಲಾಗಿ ಇಟ್ಟಳು. ಒಂದರಲ್ಲಿ ನಿಂಬೆರಸ, ಒಂದರಲ್ಲಿ ಎಲೆಯಡಿಕೆಗೆ ಹಾಕುವ ಸುಣ್ಣದ ನೀರು, ಇನ್ನೊಂದರಲ್ಲಿ ತೋಟದ ಮಣ್ಣು ಕದಡಿದ ನೀರು.

"ಯಾರ ಮಾತೂ ಬೇಡ ಅಪ್ಪಯ್ಯ. ನೀವೇ ಅದ್ದಿ."

ಗೌಡರು ಕೈ ಒರೆಸಿಕೊಂಡು ಅನುಮಾನದಿಂದಲೇ ಕುಕ್ಕರುಗಾಲಲ್ಲಿ ಕುಳಿತರು. ನೀಲಿ ಕಾಗದ ನಿಂಬೆಗೆ ಅದ್ದಿದರು, ಕೆಂಪಾಯಿತು. ಕೆಂಪು ಕಾಗದ ಸುಣ್ಣಕ್ಕೆ ಅದ್ದಿದರು, ನೀಲಿಯಾಯಿತು. ಮಣ್ಣಿನ ನೀರಿಗೆ ನೀಲಿ ಕಾಗದ ಅದ್ದಿ ಹಿಡಿದುಕೊಂಡರು. ಏನೂ ಆಗಲಿಲ್ಲ. "ಸ್ವಲ್ಪ ಹೊತ್ತು ಬಿಡಿ" ಎಂದಳು ಪವಿತ್ರ. ಕಾಗದ ಅಂಚಿನಿಂದ ನಿಧಾನವಾಗಿ ಕೆಂಪಾಗುತ್ತ ಬಂತು.

"ನಿಂಬೆ ಕಡೆಗೇ ಹೋಯ್ತಲ್ಲ ಇದು" ಎಂದರು ಗೌಡರು. "ಇದಕ್ಕೆ ಸುಣ್ಣ ಹಾಕಿದ್ರೆ?"

ಅವಳು ಸುಣ್ಣದ ಡಬ್ಬಿಯನ್ನೇ ಅವರ ಕೈಗೆ ಕೊಟ್ಟಳು. ಗೌಡರು ಬೆರಳ ತುದಿಯಷ್ಟು ಸುಣ್ಣ ತೆಗೆದು ಮಣ್ಣಿನ ನೀರಿಗೆ ಹಾಕಿ, ಕಡ್ಡಿಯಿಂದ ಕಲಕಿ, ಕೆಂಪಾಗಿದ್ದ ಅದೇ ಕಾಗದವನ್ನು ಮತ್ತೆ ಅದ್ದಿದರು. ಅದು ನೀಲಿಗೆ ತಿರುಗಿತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಮಗಳ ಮುಖ ನೋಡಿದರು, ಆಮೇಲೆ ಎದ್ದು ಬೇಲಿಯ ಹತ್ತಿರ ಹೋಗಿ ಕೂಗಿದರು.

"ಏ ಸುರೇಶಾ, ಬಾ ಮಾರಾಯ ಇಲ್ಲಿ. ಸುಣ್ಣದ ವಿಷ್ಯ. ನಮ್ಮ ಪವಿತ್ರ ತೋರಿಸ್ತಾಳೆ."

ಸುರೇಶ ಬೇಲಿ ದಾಟಿ ಬಂದ. ಮೂರು ಲೋಟ, ಬಣ್ಣದ ಕಾಗದ, ಮೂಲೆಯಲ್ಲಿ ನಿಂತ ನಾನು, ಎಲ್ಲವನ್ನೂ ನೋಡಿ ಮರ್ಯಾದೆಗೆ ನನ್ನ ಕಡೆಗೇ ತಿರುಗಿದ. "ಎಂತ ಟೀಚರೇ ಇದು, ಹೌದಾ?"

ನಾನು ಬಾಯಿ ತೆರೆಯುವುದರೊಳಗೆ ಗೌಡರು ಅವನ ಕೈಗೆ ಒಂದು ಕಾಗದ ತುರುಕಿದರು. "ಅವ್ರನ್ನ ಎಂತಕ್ಕೆ ಕೇಳ್ತೀಯ ಮಾರಾಯ, ನೀನೇ ಅದ್ದಿ ನೋಡು."

ನನ್ನ ಬಾಯಿ ಮುಚ್ಚಿಸಿದವರು ಈ ಕೆಲಸದಲ್ಲಿ ಬಹಳ ಜನ. ಮುಚ್ಚಿಸಿದ್ದಕ್ಕೆ ನನಗೆ ಸಂತೋಷವಾದದ್ದು ಆವತ್ತು ಒಂದೇ ಸಲ.